ಸ್ಟೆಪ್ನಿ ಕೊಳ್ಳುವ ಮುಂಚೆ ಟೇಪು ಹಿಡಿಯಿರಿ

ಕಳೆದ ತಿಂಗಳು ಮೇಷ್ಟ್ರೊಬ್ಬರು ನಮ್ಮ ಟೈರ್ ಅಂಗಡಿ ಮುಂದೆ ತಮ್ಮ ಚಿಕ್ಕ ಎಸ್‌ಯುವಿ ನಿಲ್ಲಿಸಿದರು. ಹಿಂದಿನ ಸೀಟಿನ ಮೇಲೆ ರಟ್ಟಿನ ಪೆಟ್ಟಿಗೆ. ಒಳಗೆ ಹೊಚ್ಚ ಹೊಸ 17 ಇಂಚಿನ ಅಲಾಯ್ ವೀಲ್. "ನೋಡಿ ಇವ್ರೇ, ಇದಕ್ಕೊಂದು ಟೈರ್ ಹಾಕಿ ಸ್ಟೆಪ್ನಿ ಜಾಗದಲ್ಲಿ ಕೂರಿಸಿಬಿಡಿ. ಆ ಪುಟ್ಟ ಚಕ್ರ ನಂಬಿಕೊಂಡು ಇನ್ನೊಂದ್ಸಲ ಘಾಟಿ ಇಳಿಯಲ್ಲ" ಅಂದರು.

ಅವರಿಗೆ ಆದ ಅನುಭವವೇ ಹಾಗಿತ್ತು. ಮಳೆಗಾಲದ ರಾತ್ರಿ. ಸಕಲೇಶಪುರ ದಾಟಿ ಗುಂಡ್ಯ ಕಡೆಗೆ ಇಳಿಯುವಾಗ ಮುಂದಿನ ಎಡ ಟೈರಿನ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆ, ಚೂಪು ಕಲ್ಲಿಗೆ ಸಿಕ್ಕಿ ಸೀಳಿತು. ಸೈಡ್‌ವಾಲ್ ಸೀಳಿದರೆ ಪಂಕ್ಚರ್ ಹಾಕೋಕೆ ಬರಲ್ಲ. ಬಾಟಲಿಯ ಅಂಟು ದ್ರಾವಣವೂ ಅಲ್ಲಿ ನಿಲ್ಲಲ್ಲ. ಸ್ಟೆಪ್ನಿಯನ್ನೇ ಮುಂದಕ್ಕೆ ಹಾಕಿದರು. ಟೈರ್ ಒತ್ತಡದ ದೀಪ ಹತ್ತಿಕೊಂಡಿತು, ಸ್ಟಿಯರಿಂಗ್ ಒಂದು ಕಡೆಗೆ ಎಳೆಯತೊಡಗಿತು. ಹೆಂಡತಿ, ಮಗಳನ್ನು ಕೂರಿಸಿಕೊಂಡು ಮಂಗಳೂರಿನವರೆಗೆ ಹಾಗೇ ಹೋದರು.

ಅವರು ಕೇಳಿದ್ದು ಸರಿ. ತಂದ ವಸ್ತು ಮಾತ್ರ ಅವರಿಗೆ ಬೇಕಾದದ್ದಲ್ಲ. ವಾರಕ್ಕೆ ಒಬ್ಬರಾದರೂ ಇದೇ ಕೆಲಸಕ್ಕೆ ಬರುತ್ತಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಡಿಕ್ಕಿಯ ಹಲಗೆ ಎತ್ತಿ ನಿಮ್ಮ ಸ್ಟೆಪ್ನಿಯ ಪಕ್ಕದಲ್ಲಿ ಬರೆದಿರುವ ಅಂಕಿ ಓದಿ. ಆಮೇಲೆ ಓಡುತ್ತಿರುವ ಟೈರಿನ ಅಂಕಿ ಓದಿ. ಮೇಷ್ಟ್ರ ಗಾಡಿಯಲ್ಲಿ ಓಡುವ ಟೈರ್ 215/60 ಆರ್17. ಡಿಕ್ಕಿಯಲ್ಲಿ ಸ್ಟೀಲ್ ರಿಮ್ಮಿನ ಮೇಲೆ 205/65 ಆರ್16. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದಲ್ಲಿ ಶೇಕಡಾ ಎಷ್ಟು ಸೈಡ್‌ವಾಲ್ ಎತ್ತರ ಅನ್ನೋದು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಲೆಕ್ಕ ಸುಲಭ. 215ರಲ್ಲಿ ಶೇ 60 ಅಂದರೆ 129. ಮೇಲೆ ಕೆಳಗೆ ಎರಡು ಸಲ ಸೇರಿಸಿ 258. ಹದಿನೇಳು ಇಂಚಿಗೆ 432. ಒಟ್ಟು 690 ಮಿಲಿಮೀಟರ್ ಎತ್ತರದ ಚಕ್ರ. ಇದೇ ಲೆಕ್ಕ ಸ್ಟೆಪ್ನಿಗೆ ಹಾಕಿದರೆ 673 ಬರುತ್ತದೆ.

ಹದಿನೇಳು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು, ಅಲ್ವಾ? ಆದರೆ ಸಣ್ಣ ಚಕ್ರ ಪ್ರತಿ ಕಿಲೋಮೀಟರಿಗೆ ಹನ್ನೊಂದು ಹನ್ನೆರಡು ಸುತ್ತು ಜಾಸ್ತಿ ತಿರುಗಬೇಕು. ನಮ್ಮ ಚಿಕ್ಕ ಎಸ್‌ಯುವಿಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಎಳೆಯುವ ಗಾಡಿಗಳು. ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ ಆದಾಗ ಆ ವ್ಯತ್ಯಾಸವನ್ನು ಗೇರ್‌ಬಾಕ್ಸಿನೊಳಗಿನ ಡಿಫರೆನ್ಷಿಯಲ್ ನುಂಗಿಕೊಳ್ಳಬೇಕು. ತಿರುವಿನಲ್ಲಿ ಮಾತ್ರ ಕೆಲಸ ಮಾಡಬೇಕಾದ ಅದರ ಹಲ್ಲುಗಳು ನೇರ ರಸ್ತೆಯಲ್ಲೂ ತಿರುಗುತ್ತಲೇ ಇರುತ್ತವೆ. ಹತ್ತಿಪ್ಪತ್ತು ಕಿಲೋಮೀಟರಿಗೆ ಏನೂ ಆಗಲ್ಲ. ರಾತ್ರಿಯೆಲ್ಲ ಓಡಿಸಿದರೆ ಬಿಸಿಯಾಗುತ್ತದೆ. ಚಕ್ರಗಳ ಸುತ್ತು ಎಣಿಸಿ ಒತ್ತಡ ಊಹಿಸುವ ಗಾಡಿಗಳಲ್ಲಿ ದೀಪ ಹತ್ತುವುದೂ ಇದೇ ಕಾರಣಕ್ಕೆ. ಬೇರೆ ಅಳತೆಯ ಸ್ಟೆಪ್ನಿ ಇರುವವರು ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಮುಂದಿನ ಚಕ್ರ ಹೋದರೆ ಹಿಂದಿನ ಒಳ್ಳೆ ಚಕ್ರ ಬಿಚ್ಚಿ ಮುಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿ. ಜಾಕಿ ಎರಡು ಸಲ ಎತ್ತಬೇಕು ನಿಜ. ಆದರೂ ಹಾಗೇ ಮಾಡಿ.

ಇನ್ನು ಕೆಲವು ಗಾಡಿಗಳಲ್ಲಿ ಸಿಗುವುದು ಪೂರ್ತಿ ತೆಳು ಚಕ್ರ. ಅಂಕಿಗೆ ಮುಂಚೆ 'ಟಿ' ಅಕ್ಷರ ಇರುತ್ತದೆ. ಟೆಂಪರರಿ ಅಂತ. ಇದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಗಾಳಿ ಬೇಕು, ವೇಗ 80 ಕಿಲೋಮೀಟರ್ ದಾಟುವಂತಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಅಭ್ಯಾಸಬಲದಿಂದ 33 ಹೊಡೆದು ಕಳಿಸಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅರ್ಧ ಗಾಳಿಯ ತೆಳು ಚಕ್ರ ಹಾಕಿಕೊಂಡು ಹೋಗೋದು ತುಂಬ ಅಪಾಯ. ಪಕ್ಕದಲ್ಲೇ ನಿಂತು ಹೇಳಿ ಹೊಡೆಸಿ.

ಕಂಪನಿಗಳು ಯಾಕೆ ಹೀಗೆ ಕೊಡುತ್ತವೆ ಅಂದರೆ ತೂಕ, ಡಿಕ್ಕಿಯ ಜಾಗ, ಖರ್ಚು. 2020ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ನಿಯಮಕ್ಕೆ ತಿದ್ದುಪಡಿ ತಂದ ಮೇಲೆ, ಟ್ಯೂಬ್‌ಲೆಸ್ ಟೈರ್, ಒತ್ತಡ ತೋರಿಸುವ ಟಿಪಿಎಂಎಸ್ ಮತ್ತು ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದು. ಪೇಟೆಯೊಳಗೆ ಓಡಾಡುವವರಿಗೆ ಅದು ಸಾಕು. ಮಲೆನಾಡಿನವರಿಗೆ ಸಾಲದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಕಿಟ್ ಮೊಳೆಗೆ ಆಗುತ್ತದೆ, ಸೀಳಿಗೆ ಆಗಲ್ಲ. ನಮ್ಮ ಕಡೆ ಜಾಸ್ತಿ ಬರೋದೇ ಸೀಳು.

ಮೇಷ್ಟ್ರ ಅಲಾಯ್‌ಗೆ ಬರೋಣ. ಟೈರ್ ಹಾಕದೆ ಸುಮ್ನೆ ರಿಮ್ ಮಾತ್ರ, ಡಿಕ್ಕಿಯ ಹಲಗೆಯ ಕೆಳಗೆ ಸ್ಟೆಪ್ನಿ ಕೂರುವ ಗುಂಡಿಯೊಳಗೆ ಇಟ್ಟು ತೋರಿಸಿದೆ. ಗುಂಡಿಯ ತಳದಿಂದ ಮೇಲೆ ಬಂದು ಚಕ್ರವನ್ನು ಹಿಡಿಯುವ ಬೋಲ್ಟ್ ಇರುತ್ತದಲ್ಲ, ಅದು ಮಧ್ಯದ ತೂತಿನಲ್ಲಿ ಹೋಗಬೇಕು. ಸ್ಟೀಲ್ ರಿಮ್ಮಿನಲ್ಲಿ ಆ ಜಾಗ ತೆಳು ತಗಡು. ಅಲಾಯ್‌ನಲ್ಲಿ ದಪ್ಪ ಗಟ್ಟಿ. ಬೋಲ್ಟ್ ಎರಡು ಮೂರು ಸುತ್ತಷ್ಟೇ ಹಿಡಿಯಿತು. ಟೈರ್ ಸೇರಿ ಈ ಚಕ್ರದ ತೂಕ ಇಪ್ಪತ್ತು ಕಿಲೋ ಆಸುಪಾಸು. ಜೋರಾಗಿ ಬ್ರೇಕ್ ಹಾಕಿದಾಗ ಎರಡು ಸುತ್ತಿನ ಹಿಡಿತದಲ್ಲಿ ಅದು ನಿಲ್ಲುತ್ತದೆ ಅಂತ ನಾನು ಹೇಳಲಾರೆ. ಉದ್ದ ಬೋಲ್ಟ್ ಮಾಡಿಸಬಹುದು, ಮಾಡಿಸಿಕೊಟ್ಟಿದ್ದೇನೆ ಕೂಡ. ಆದರೆ ಎತ್ತರದ ಸಮಸ್ಯೆ ಉಳಿಯುತ್ತದೆ. 205 ಟೈರ್ ಮಲಗಿಸಿದಾಗ ಸುಮಾರು 209 ಮಿಲಿಮೀಟರ್ ದಪ್ಪ. 215 ಟೈರ್ ಆರೂವರೆ ಇಂಚು ಅಗಲದ ರಿಮ್ಮಿನ ಮೇಲೆ 221. ಒಂದು ಸೆಂಟಿಮೀಟರಿಗಿಂತ ಜಾಸ್ತಿ ಮೇಲೆ ಬರುತ್ತದೆ. ಹಲಗೆ ಕೂರಲ್ಲ.

ಕೂರದಿದ್ದರೆ ಜನ ಮೂರು ತಪ್ಪು ಮಾಡುತ್ತಾರೆ. ಗಾಳಿ ಇಳಿಸಿ ಅಮುಕುತ್ತಾರೆ. ಆಗ ಬೇಕಾದ ಹೊತ್ತಿಗೆ ಸ್ಟೆಪ್ನಿಯಲ್ಲಿ ಗಾಳಿಯೇ ಇರಲ್ಲ. ಇಲ್ಲವೇ ಜಾಕಿ, ಸ್ಪ್ಯಾನರ್ ಇಡುವ ಥರ್ಮಕೋಲ್ ತಟ್ಟೆ ತೆಗೆದು ಬಿಸಾಡಿ, ಸಾಮಾನುಗಳನ್ನು ಸೀಟಿನ ಕೆಳಗೆ ತುರುಕುತ್ತಾರೆ. ಹಾಗೂ ಅಲ್ಲದಿದ್ದರೆ ಎದ್ದು ನಿಂತ ಹಲಗೆಯ ಮೇಲೇ ಸಾಮಾನು ಹೇರುತ್ತಾರೆ. ಹಲಗೆಯ ಅಂಚಿಗೆ ಆಸರೆ ಇಲ್ಲದೆ ಆರು ತಿಂಗಳಲ್ಲಿ ಅದು ಮಧ್ಯಕ್ಕೆ ಮುರಿಯುತ್ತದೆ. ಎತ್ತರ ಆಗಲೇಬೇಕು ಅಂದರೆ ಗುಂಡಿಯ ಸುತ್ತ ಅಷ್ಟೇ ದಪ್ಪದ ಪ್ಲೈವುಡ್ ಪಟ್ಟಿ ಕೊಟ್ಟು ಹಲಗೆಯನ್ನು ಸಮನಾಗಿ ಏರಿಸಬೇಕು. ಡಿಕ್ಕಿ ಬಾಗಿಲು ಮುಚ್ಚುತ್ತದಾ, ಸೀಟು ಮಡಚಿದಾಗ ಮೆಟ್ಟಿಲು ಬರುತ್ತದಾ ಅಂತಲೂ ನೋಡಬೇಕು.

"ಹಾಗಾದ್ರೆ ಏನ್ ಮಾಡ್ಲಿ?" ಅಂದರು ಮೇಷ್ಟ್ರು.

"ಪೆಟ್ಟಿಗೆ ಬಿಚ್ಚಿದ್ದರೂ ರಿಮ್ಮಿಗೆ ಟೈರ್ ಹಾಕಿಲ್ಲ ಮೇಷ್ಟ್ರೇ, ವಾಪಸ್ ಕೊಟ್ಟು ಬನ್ನಿ. ನಿಮ್ಮ ಸ್ಟೀಲ್ ರಿಮ್ಮೇ ಸಾಕು. ಟೈರ್ ಬದಲಾಯಿಸೋಣ" ಅಂದೆ.

ಇದನ್ನು ಬಹಳ ಜನ ಯೋಚಿಸಲ್ಲ. ಪೂರ್ತಿ ಅಳತೆಯ ಸ್ಟೆಪ್ನಿ ಅಂದರೆ ನೋಡೋಕೆ ಒಂದೇ ಥರ ಇರೋ ಚಕ್ರ ಅಂತ ಅಲ್ಲ. ಒಂದು ಸುತ್ತಿಗೆ ಅಷ್ಟೇ ದೂರ ಉರುಳಬೇಕು, ಅಷ್ಟೇ ಭಾರ ಹೊರಬೇಕು. 16 ಇಂಚಿನ ರಿಮ್ಮಿನ ಮೇಲೆ 690ರ ಹತ್ತಿರ ಬರುವ ಟೈರ್ ಯಾವುದು? 215/65 ಆರ್16. ಲೆಕ್ಕ ಹಾಕಿ ನೋಡಿ, 686 ಬರುತ್ತದೆ. ವ್ಯತ್ಯಾಸ ನಾಲ್ಕೇ ಮಿಲಿಮೀಟರ್. ಹೊಸ ಟೈರಿಗೂ ಎರಡು ಮಿಲಿಮೀಟರ್ ಸವೆದ ಟೈರಿಗೂ ಇರುವಷ್ಟೇ. ಭಾರದ ಸಂಖ್ಯೆಯೂ ನೋಡಬೇಕು. ಓಡುವ ಟೈರಿನಲ್ಲಿ 96 ಅಂತಿತ್ತು, ಅಂದರೆ ಒಂದು ಟೈರ್ 710 ಕಿಲೋ ಹೊರುತ್ತದೆ. ನಾನು ಕೊಟ್ಟ 215/65ರಲ್ಲಿ 98, ಅಂದರೆ 750 ಕಿಲೋ. ರಿಮ್ಮಿನ ಅಗಲ 6ಜೆ ಅಂತ ಒತ್ತಿತ್ತು, ಅಂದರೆ ಆರು ಇಂಚು. ಈ ಟೈರಿಗೆ ಅಷ್ಟು ಸಾಕು. ಐದೂವರೆ ಇದ್ದಿದ್ದರೆ ಹಾಕುತ್ತಿರಲಿಲ್ಲ. ಅಲಾಯ್‌ಗೆ ಟೈರ್ ಹಾಕಿದ್ದರೆ ಆಗುತ್ತಿದ್ದ ಎತ್ತರಕ್ಕಿಂತ ಇದು ಕಡಿಮೆ. ಅವರ ಗುಂಡಿಯಲ್ಲಿ ಕೂತಿತು, ಥರ್ಮಕೋಲ್ ತಟ್ಟೆಯೂ ಮೇಲೆ ಬಂತು, ಹಲಗೆ ಮುಚ್ಚಿತು. ಬೋಲ್ಟ್ ಹಳೆಯದೇ.

ನಿಮ್ಮ ಗಾಡಿಯಲ್ಲೂ ಹೀಗೇ ಆಗುತ್ತದೆ ಅನ್ನೋಕೆ ಬರಲ್ಲ. ಗುಂಡಿಯ ಅಡ್ಡಳತೆ, ಆಳ ಎರಡನ್ನೂ ಟೇಪಿನಲ್ಲಿ ಹಿಡಿದು ನೋಡಿ. ತಳದಿಂದ ಹಲಗೆಯ ಅಡಿಯವರೆಗೆ ಎಷ್ಟಿದೆ ಅಂತ ಬರೆದುಕೊಂಡು ಅಂಗಡಿಗೆ ಹೋಗಿ. ಟೈರ್ ಅಂಗಡಿಯವರು ಒಳ್ಳೆಯವರಾದರೆ, ಬಿಲ್ ಮಾಡುವ ಮುಂಚೆ ಅಂಥದೇ ಒಂದು ಚಕ್ರ ಇಟ್ಟು ತೋರಿಸುತ್ತಾರೆ.

ಹಣ ಉಳಿಸೋಕೆ ಗುಜರಿಯಿಂದ ಹಳೆ ರಿಮ್ ತರುವವರಿಗೆ ಒಂದು ಎಚ್ಚರಿಕೆ. ಬೋಲ್ಟ್ ತೂತು ಹೊಂದಿತು ಅಂದ ಮಾತ್ರಕ್ಕೆ ರಿಮ್ ಹೊಂದಿತು ಅಂತ ಅಲ್ಲ. ಹ್ಯುಂಡೈ ಕ್ರೆಟಾ, ಮಾರುತಿ ಬ್ರೆಝಾ ಎರಡಕ್ಕೂ ಐದು ಬೋಲ್ಟ್, ಪಿಸಿಡಿ ಅಂದರೆ ಬೋಲ್ಟ್ ವೃತ್ತದ ಅಳತೆ 114.3. ಆದರೆ ಮಧ್ಯದ ತೂತು ಹ್ಯುಂಡೈಗೆ 67.1, ಸುಝುಕಿಗೆ 60.1. ಹ್ಯುಂಡೈ ರಿಮ್ ಸುಝುಕಿಯ ಹಬ್ಬಿನ (ಚಕ್ರ ಕೂರುವ ನಡುವಿನ ಭಾಗ) ಮೇಲೆ ಏಳು ಮಿಲಿಮೀಟರ್ ಸಡಿಲ. ನಟ್ಟು ಬಿಗಿದರೂ ನಡುವೆ ಸರಿಯಾಗಿ ಕೂರಲ್ಲ, ವೇಗ ಹೆಚ್ಚಿದಾಗ ನಡುಗುತ್ತದೆ. ತಿರುಗಾಮುರುಗಾ ಮಾಡಿದರೆ ಹತ್ತುವುದೇ ಇಲ್ಲ. ಸ್ಕೋಡಾ, ಫೋಕ್ಸ್‌ವ್ಯಾಗನ್ ಗಾಡಿಗಳಲ್ಲಿ ನಟ್ಟಿನ ಬದಲು ಬೋಲ್ಟ್, ಅದರ ತಲೆಯ ಕೆಳಗೆ ದುಂಡು. ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ ಕೋನ್ ಆಕಾರದ್ದು ಬೇಕು. ಹೊರಗಿನ ಅಲಾಯ್ ಹಾಕಿಸಿಕೊಂಡವರು ಹಳೆಯ ಬೋಲ್ಟ್ ಅಥವಾ ನಟ್ಟುಗಳ ಒಂದು ಸೆಟ್ಟನ್ನು ಸ್ಟೆಪ್ನಿ ಜೊತೆಗೇ ಚೀಲದಲ್ಲಿ ಕಟ್ಟಿಡಿ. ಇಲ್ಲದಿದ್ದರೆ ಸ್ಟೆಪ್ನಿ ಇದ್ದೂ ಬಿಗಿಯೋಕೆ ಆಗಲ್ಲ.

ಅಲಾಯ್ ಐದನೇ ಚಕ್ರ ತಗೊಳ್ಳೋದರಲ್ಲಿ ಅರ್ಥವೇ ಇಲ್ಲ ಅಂತಲ್ಲ. ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರ್ ಓಡಿಸುವವರು, ಗುಂಡಿಯಲ್ಲಿ ಜಾಗ ಇದ್ದರೆ ತಗೊಳ್ಳಲಿ. ಎಂಟು ಹತ್ತು ಸಾವಿರಕ್ಕೊಮ್ಮೆ ಐದನ್ನೂ ಸರದಿಯಲ್ಲಿ ತಿರುಗಿಸಿದರೆ ಎಲ್ಲವೂ ಸಮನಾಗಿ ಸವೆಯುತ್ತವೆ. ತಿರುಗಿಸದೆ ಇಟ್ಟರೆ ಉಪಯೋಗವಿಲ್ಲ. ನಲವತ್ತು ಸಾವಿರ ಓಡಿ ಐದು ಮಿಲಿಮೀಟರ್ ಸವೆದ ಟೈರಿನ ಜೊತೆ ಹೊಸ ಸ್ಟೆಪ್ನಿ ಹಾಕಿದರೆ, ಒಂದೇ ಅಳತೆಯ ಟೈರಾದರೂ ಹತ್ತು ಮಿಲಿಮೀಟರ್ ವ್ಯತ್ಯಾಸ ಬಂದೇ ಬಂತು. ಒಂದೇ ದಿಕ್ಕಿಗೆ ತಿರುಗುವ ಗೆರೆಯ ಟೈರ್ ಇದ್ದರೆ ಸರದಿಯೂ ಕಷ್ಟ.

ಸ್ಟೆಪ್ನಿಗೂ ವಯಸ್ಸಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ. ಒಂದು ಸಲವೂ ರಸ್ತೆಗೆ ಇಳಿಯದ ಟೈರಿನ ರಬ್ಬರೂ ಗಡಸಾಗುತ್ತದೆ. ಐದು ವರ್ಷ ಕಳೆದರೆ ಬಿರುಕು ಇದೆಯಾ ಅಂತ ತೋರಿಸಿ. ಗಾಳಿ ತುಂಬುವ ಕವಾಟ ಮೇಲೆ ಕಾಣುವಂತೆ ಚಕ್ರ ಮಲಗಿಸಿ, ಆಗ ಬಿಚ್ಚದೆಯೇ ತಿಂಗಳಿಗೊಮ್ಮೆ ಗಾಳಿ ನೋಡಬಹುದು. ನಾನು ಸ್ಟೆಪ್ನಿಗೆ ಪೂರ್ತಿ ಭಾರಕ್ಕೆ ಹೇಳಿದಷ್ಟು ಗಾಳಿ ಹೊಡೆಯುತ್ತೇನೆ. ಮೂರು ಪಿಎಸ್‌ಐ ಇಳಿದರೂ ದಾರಿಗೆ ಸಾಕಾಗುತ್ತದೆ.

ಕೊನೆಗೆ, ಗುಂಡಿಯೇ ಇಲ್ಲದ ಗಾಡಿಗಳು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವವು, ಕೆಲವು ಎಲೆಕ್ಟ್ರಿಕ್ ಗಾಡಿಗಳು. ಇವುಗಳ ಮಾಲೀಕರು ದೂರದ ಪ್ರಯಾಣಕ್ಕೆ ಮಾತ್ರ ಒಂದು ಚಕ್ರ ಹಾಕಿಕೊಂಡು ಹೋಗುತ್ತಾರೆ. ಒಳ್ಳೆಯದೇ. ಆದರೆ ಡಿಕ್ಕಿಯ ನೆಲದಲ್ಲಿರುವ ಲೋಹದ ಕೊಕ್ಕೆಗಳಿಗೆ ರ‍್ಯಾಚೆಟ್ ಪಟ್ಟಿಯಿಂದ ಬಿಗಿದು ಕಟ್ಟಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಮಲಗಿಸಿ. ಪ್ಲಾಸ್ಟಿಕ್ ಕೊಕ್ಕೆಗಳು ತರಕಾರಿ ಚೀಲಕ್ಕೆ ಮಾತ್ರ. ಜಾಕಿ, ಸ್ಪ್ಯಾನರ್ ಗಾಡಿ ಜೊತೆ ಬಂದಿಲ್ಲದಿದ್ದರೆ ಬೇರೆ ಕೊಳ್ಳಬೇಕು. ಸಿಲಿಂಡರ್ ಮೇಲೆ, ಅದರ ಪೈಪಿನ ಪಕ್ಕ ಚಕ್ರ ಇಟ್ಟುಕೊಡಿ ಅಂತ ಕೇಳಿದವರನ್ನು ನಾನು ಕೆಲಸ ಮಾಡದೆ ವಾಪಸ್ ಕಳಿಸಿದ್ದೇನೆ. ಮುಂದೆಯೂ ಮಾಡಿಕೊಡಲ್ಲ.