ನಿರುದ್ಯೋಗ ದರ: ಆಟಕ್ಕುಂಟು, ಲೆಕ್ಕಕ್ಕಿಲ್ಲ

‘ಮಾಡೋಕೆ ಬೇರೆ ಉದ್ಯೋಗ ಇಲ್ವಾ?’ ಅಂತ ಬೈಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಉದ್ಯೋಗ ಅನ್ನೋ ಪದದ ಹಳೆಯ ಅರ್ಥ ಪ್ರಯತ್ನ, ಸಿದ್ಧತೆ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರೂ ಕೆಲಸಕ್ಕೆ ಅರ್ಜಿ ಹಾಕುವುದಿಲ್ಲ, ಯುದ್ಧಕ್ಕೆ ತಯಾರಿ ನಡೆಯುತ್ತದೆ. ಹಾಗೆ ನೋಡಿದರೆ ಪ್ರಯತ್ನವನ್ನೇ ಮಾಡದವನು ನಿರುದ್ಯೋಗಿ ಅಂತಾಗಬೇಕು. ಸರ್ಕಾರದ ಲೆಕ್ಕದಲ್ಲಿ ಇದು ಉಲ್ಟಾ. ಅಲ್ಲಿ ನಿರುದ್ಯೋಗಿ ಅನ್ನಿಸಿಕೊಳ್ಳಲು ನೀವು ಕೆಲಸ ಹುಡುಕುತ್ತಿರಬೇಕು, ಕನಿಷ್ಠ ಸಿಕ್ಕರೆ ಮಾಡಲು ತಯಾರಿರಬೇಕು. ಇಲ್ಲದಿದ್ದರೆ ನೀವು ಲೆಕ್ಕದಿಂದಲೇ ಹೊರಗೆ.

ಕೆಲಸ ಇರುವವರು ಮತ್ತು ಕೆಲಸಕ್ಕೆ ಕಾಯುತ್ತಿರುವವರು, ಇಬ್ಬರನ್ನೂ ಸೇರಿಸಿದರೆ ಅದು ಕಾರ್ಮಿಕ ಬಲ. ಅದರಲ್ಲಿ ಕಾಯುತ್ತಿರುವವರು ನೂರಕ್ಕೆ ಎಷ್ಟು ಜನ ಅನ್ನೋದೇ ನಿರುದ್ಯೋಗ ದರ. ಕೇಳೋಕೆ ಸಲೀಸು. ತೊಡಕು ಶುರುವಾಗೋದು ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದಾಗ.

ಒಂದು ಮನೆ ಅಂದುಕೊಳ್ಳಿ. ಎರಡು ಎಕರೆ ರಾಗಿ ಹೊಲ, ಎರಡು ಹಸು. ಅಪ್ಪ ರೈತ, ತಕರಾರಿಲ್ಲ. ಅಮ್ಮ ಬೆಳಿಗ್ಗೆ ಎದ್ದು ಹಾಲು ಕರೆದು ಡೇರಿಗೆ ಹಾಕುತ್ತಾರೆ, ಆಮೇಲೆ ಕಳೆ ಕೀಳುತ್ತಾರೆ. ಕೈಗೆ ಒಂದು ರೂಪಾಯಿ ಕೂಲಿ ಬರದಿದ್ದರೂ ಅವರು ಉದ್ಯೋಗಿ. ಸಮೀಕ್ಷೆಯಲ್ಲಿ ಅವರಿಗೆ 21 ಅನ್ನೋ ಸಂಕೇತ, ಅಂದರೆ ಮನೆಯ ಕಸುಬಿಗೆ ಸಂಬಳವಿಲ್ಲದ ಸಹಾಯಕಿ. ನಾಳೆ ಹಸು, ಹೊಲ ಎರಡೂ ಮಾರಿಹೋದರೆ ಅದೇ ಅಮ್ಮನಿಗೆ 92, ಬರೀ ಮನೆಗೆಲಸ. ಆಗ ಅವರು ಉದ್ಯೋಗಿಯೂ ಅಲ್ಲ, ನಿರುದ್ಯೋಗಿಯೂ ಅಲ್ಲ. ಅಡುಗೆ, ನೀರು, ಮೊಮ್ಮಕ್ಕಳು ಮಾತ್ರ ಹಾಗೇ ಇರುತ್ತವೆ, ಅಲ್ವಾ?

ದೊಡ್ಡ ಮಗ ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಊರಿಗೆ ವಾಪಸ್ ಬಂದಿದ್ದಾನೆ. ದಿನಾ ಹೊಲಕ್ಕೆ ಹೋಗುತ್ತಾನೆ. ಇಬ್ಬರು ಮಾಡುವ ಕೆಲಸವನ್ನು ಈಗ ಮೂವರು ಮಾಡುತ್ತಾರೆ, ರಾಗಿ ಒಂದು ಸೇರೂ ಜಾಸ್ತಿ ಬೆಳೆಯುವುದಿಲ್ಲ. ಇವನೂ ಉದ್ಯೋಗಿ! ಇದಕ್ಕೆ ಮರೆಮಾಚಿದ ನಿರುದ್ಯೋಗ ಅಂತಾರೆ. 1936ರಲ್ಲಿ ಈ ಮಾತನ್ನು ಹುಟ್ಟಿಸಿದ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್‌ಸನ್ ಕಣ್ಣಮುಂದೆ ಇದ್ದವರು ಕೆಲಸ ಕಳೆದುಕೊಂಡು ಲಂಡನ್ನಿನ ಬೀದಿಯಲ್ಲಿ ಬೆಂಕಿಪೊಟ್ಟಣ ಮಾರುವಂಥವರು. ನಮ್ಮಲ್ಲಿ ಆ ಮಾತು ಹೊಲಕ್ಕೆ ಇಳಿಯಿತು.

ಚಿಕ್ಕ ಮಗ ಬಿ.ಇ. ಮುಗಿಸಿ ಪರೀಕ್ಷೆಗೆ ಓದುತ್ತಿದ್ದಾನೆ, ಕೆಲಸ ಹುಡುಕುತ್ತಿದ್ದಾನೆ. ಈ ಮನೆಯಲ್ಲಿ ನಿರುದ್ಯೋಗಿ ಅಂತ ಇದ್ದರೆ ಇವನೊಬ್ಬನೇ. ಅದೂ ಗ್ಯಾರಂಟಿ ಇಲ್ಲ. ವಾರ್ಷಿಕ ಲೆಕ್ಕದಲ್ಲಿ ಕಳೆದ 365 ದಿನಗಳಲ್ಲಿ 30 ದಿನ ಕೊಯ್ಲಿಗೋ ಒಕ್ಕಣೆಗೋ ಕೈಹಾಕಿದ್ದರೂ ಅವನು ಉದ್ಯೋಗಿಯೇ. ವಾರದ ಲೆಕ್ಕದಲ್ಲಾದರೆ ಏಳು ದಿನದಲ್ಲಿ ಒಂದು ಗಂಟೆ ದುಡಿದರೆ ಸಾಕು.

ಈ ಎಡವಟ್ಟು ಲೆಕ್ಕ ಹಾಕುವವರಿಗೆ ಗೊತ್ತಿಲ್ಲದ್ದೇನಲ್ಲ. ಸ್ವಂತ ದುಡಿಮೆಯವರು, ದಿನಗೂಲಿಯವರೇ ಜಾಸ್ತಿ ಇರುವ ದೇಶದಲ್ಲಿ ಒಂದೇ ಅಂಕಿ ಸಾಲದು ಅಂತ ಸರ್ಕಾರವೇ ನೇಮಿಸಿದ್ದ ದಾಂತ್ವಾಲಾ ಸಮಿತಿ 1970ರಲ್ಲೇ ಹೇಳಿತ್ತು. ವರ್ಷ, ವಾರ, ದಿನ ಅಂತ ಬೇರೆ ಬೇರೆ ಅಳತೆ ಬಂದದ್ದು ಅದಾದ ಮೇಲೆ. ಪೇಪರಿನ ತಲೆಬರಹಕ್ಕೆ ಮಾತ್ರ ಒಂದೇ ಅಂಕಿ ಬೇಕು.

ಹಾಗಾದರೆ ಆ ಅಂಕಿ ನೋಡೋಣ. ಪಿಎಲ್‌ಎಫ್‌ಎಸ್ ಅಂದರೆ ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ವಾರ್ಷಿಕ ಲೆಕ್ಕದ ಪ್ರಕಾರ, 15 ವರ್ಷ ತುಂಬಿದವರಲ್ಲಿ ನಿರುದ್ಯೋಗ ದರ 2017-18ರಲ್ಲಿ ಶೇ 6.0 ಇದ್ದದ್ದು 2023-24ರಲ್ಲಿ ಶೇ 3.2ಕ್ಕೆ ಇಳಿಯಿತು. ಭಾರಿ ಇಳಿಕೆ. ಆದರೆ ಅದೇ ಅವಧಿಯಲ್ಲಿ ದುಡಿಯುವವರ ಪೈಕಿ ಸ್ವಂತ ದುಡಿಮೆಯವರ ಪಾಲು ಶೇ 52.2ರಿಂದ 58.4ಕ್ಕೆ ಏರಿತು. ನಮ್ಮ ಅಮ್ಮನಂಥ ಸಂಬಳವಿಲ್ಲದ ಸಹಾಯಕರೂ ಇದರೊಳಗೇ ಸೇರುತ್ತಾರೆ. ತಿಂಗಳ ಸಂಬಳದವರ ಪಾಲು ಶೇ 22.8ರಿಂದ 21.7ಕ್ಕೆ ಇಳಿಯಿತು. ಎರಡೂ ಅಂಕಿ ಒಂದೇ ಸಮೀಕ್ಷೆಯವು, ಎರಡೂ ನಿಜ. ಯಾವುದನ್ನು ಹಿಡಿದು ಭಾಷಣ ಮಾಡುತ್ತಾರೆ ಅನ್ನೋದರ ಮೇಲೆ ಚಿತ್ರ ಬದಲಾಗುತ್ತದೆ.

ಇನ್ನೊಂದು ವಿಚಿತ್ರ ಇದೆ. ಓದು ಬರಹ ಬಾರದವರಲ್ಲಿ ನಿರುದ್ಯೋಗ ಶೇ 1ಕ್ಕಿಂತಲೂ ಕಡಿಮೆ. ಹತ್ತನೇ ಕ್ಲಾಸು ಮತ್ತು ಮೇಲಕ್ಕೆ ಓದಿದವರಲ್ಲಿ 2023-24ರಲ್ಲಿ ಶೇ 6.5. ಓದಿದರೆ ಕೆಲಸ ಸಿಗೋದಿಲ್ಲ ಅಂತ ಇದನ್ನು ಅರ್ಥ ಮಾಡಿಕೊಂಡರೆ ಎಡವುತ್ತೇವೆ. ನಿರುದ್ಯೋಗಿಯಾಗಿ ಕೂರುವುದಕ್ಕೂ ಮನೆಯಲ್ಲಿ ಅನ್ನ ಇರಬೇಕು. ಬಡವರಿಗೆ ಆ ಅನುಕೂಲವೂ ಇಲ್ಲ. ಸಿಕ್ಕ ಕೂಲಿಗೆ, ಸಿಕ್ಕ ದರಕ್ಕೆ ಹೋಗಲೇಬೇಕು.

ಅದಕ್ಕೇ ಉದ್ಯೋಗ ನೀತಿ ಅನ್ನೋದು ಬರೀ ಈ ದರವನ್ನು ಇಳಿಸುವ ನೀತಿಯಾದರೆ ಪ್ರಯೋಜನ ಕಡಿಮೆ ಅಂತ ನನಗನ್ನಿಸುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1964ರ ಒಪ್ಪಂದವನ್ನು ಭಾರತ 1998ರಲ್ಲಿ ಒಪ್ಪಿಕೊಂಡಿದೆ. ಅದರಲ್ಲಿ ಬರೀ ಎಲ್ಲರಿಗೂ ಕೆಲಸ ಅಂತಿಲ್ಲ. ಆ ಕೆಲಸದಿಂದ ಏನಾದರೂ ಹುಟ್ಟಬೇಕು, ಮಾಡುವವರು ಅದನ್ನು ತಾವೇ ಆರಿಸಿಕೊಂಡಿರಬೇಕು ಅಂತಲೂ ಇದೆ. ದೊಡ್ಡ ಮಗನ ಹೊಲದ ಕೆಲಸವನ್ನು ಇದರ ಪಕ್ಕ ಇಟ್ಟು ನೋಡಿ.

ನಿರುದ್ಯೋಗಿ ಯಾರು ಅನ್ನೋದಕ್ಕೆ ಕರ್ನಾಟಕ ಸರ್ಕಾರದ ಯುವನಿಧಿ ಯೋಜನೆಗೆ ತನ್ನದೇ ವ್ಯಾಖ್ಯಾನ ಇದೆ. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದಿದ್ದರೆ, ಮುಂದೆ ಓದುತ್ತಲೂ ಇಲ್ಲದಿದ್ದರೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಚಿಕ್ಕ ಮಗ ಅರ್ಜಿ ಹಾಕಬಹುದು. ಅಣ್ಣ ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಸಮೀಕ್ಷೆಯವರ ಪ್ರಕಾರ ಅವನಿಗೆ ಕೆಲಸ ಇದೆ, ಯುವನಿಧಿಯವರ ಪ್ರಕಾರ ಪದವಿ ಇಲ್ಲ. ಅವನು ಕುಡುಗೋಲು ಹಿಡಿದು ಹೊಲಕ್ಕೆ ಹೊರಟಿದ್ದಾನೆ.