ಕಾವಲಿನಲ್ಲಿ ರಾತ್ರಿ ತಂಗುವ ಸೆಳೆವಗಳು

ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕಿತ್ತು ಹೊಲಗಳು ಬೋಳಾಗುವ ಹೊತ್ತಿಗೆ ಕಾವಲಿನ, ಎಂದರೆ ಮೇವಿಗೆಂದು ಕಾದಿಟ್ಟ ಹುಲ್ಲುಗಾವಲಿನ, ಹುಲ್ಲು ಹಸಿರು ಕಳೆದುಕೊಂಡು ಕರಡವಾಗಿರುತ್ತದೆ. ಆ ದಿನಗಳಲ್ಲಿ ಹೊಲದ ಮೇಲೆ ಆಳೆತ್ತರದಲ್ಲಿ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು, ಅತ್ತಿತ್ತ ಓಲಾಡುತ್ತ ತೇಲಿಹೋಗುವ ಹಕ್ಕಿಯೊಂದು ಕಣ್ಣಿಗೆ ಬೀಳುತ್ತದೆ. ಅದನ್ನು ಹದ್ದು ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಕನ್ನಡದ ಪಕ್ಷಿಪುಸ್ತಕಗಳು ಇದನ್ನು ಸೆಳೆವ ಎನ್ನುತ್ತವೆ. ನಮ್ಮ ಬಯಲುಗಳಿಗೆ ಬರುವವುಗಳಲ್ಲಿ ಮುಖ್ಯವಾದವು ಮಾಂಟೆಗು ಸೆಳೆವ ಮತ್ತು ಬಿಳಿ ಸೆಳೆವ; ಕೆರೆಯಂಗಳಗಳಲ್ಲಿ ಜೌಗು ಸೆಳೆವವೂ ಸಿಗುತ್ತದೆ. ಮಾಂಟೆಗು ಸೆಳೆವದ ಗಂಡು ಬೂದು ಬಣ್ಣದ್ದು, ರೆಕ್ಕೆಯ ತುದಿ ಕಪ್ಪು, ರೆಕ್ಕೆಯ ಮೇಲೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಮಚ್ಚೆ. ಗಂಡಿನ ತೂಕ ಕಾಲು ಕಿಲೋದ ಆಸುಪಾಸು. ಇದರ ಮುಖ ಗೂಬೆಯ ಮುಖದಂತೆ ತಟ್ಟೆಯಾಕಾರದಲ್ಲಿದ್ದು, ಹುಲ್ಲಿನ ಬುಡದಲ್ಲಿ ಆಗುವ ಸಣ್ಣ ಸರಪರ ಸದ್ದನ್ನೂ ಕಿವಿಗೆ ಮುಟ್ಟಿಸುತ್ತದೆ; ನೆಲಕ್ಕೆ ಅಷ್ಟು ಹತ್ತಿರದಲ್ಲಿ ಅದು ಹಾರುವುದಕ್ಕೆ ಇದೂ ಒಂದು ಕಾರಣ.

ಈ ಹಕ್ಕಿಗಳು ಮರಿ ಮಾಡುವುದು ಕಜಕಿಸ್ತಾನ ಮತ್ತು ಅದರ ಸುತ್ತಲಿನ ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ. ಉತ್ತರ ಕಜಕಿಸ್ತಾನದಿಂದ ಚಳ್ಳಕೆರೆಗೆ ನೇರ ಗೆರೆ ಎಳೆದರೂ ದೂರ ಸುಮಾರು 4000 ಕಿಲೋಮೀಟರ್ ಆಗುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಂದು ಮಾರ್ಚ್-ಏಪ್ರಿಲ್‌ನಲ್ಲಿ ಮರಳುವ ಇವು ವರ್ಷದ ಅರ್ಧದಷ್ಟು ಕಾಲವನ್ನು ನಮ್ಮ ನಡುವೆಯೇ ಕಳೆಯುತ್ತವೆ. ಆದ್ದರಿಂದ ಇವನ್ನು ಅತಿಥಿಗಳು ಎಂದು ಕರೆಯುವ ರೂಢಿ ನನಗೆ ಸರಿಕಾಣುವುದಿಲ್ಲ. ಅರ್ಧ ವರ್ಷ ಒಂದೆಡೆ ಉಂಡು ಮಲಗುವ ಜೀವಿಗೆ ಅದೂ ಮನೆಯೇ.

ಉಣ್ಣುವುದು ಮತ್ತು ಮಲಗುವುದು ಇಲ್ಲಿ ಬೇರೆ ಬೇರೆ ಜಾಗಗಳಲ್ಲಿ ನಡೆಯುತ್ತದೆ ಎಂಬುದೇ ಮುಖ್ಯ ಸಂಗತಿ. ಹಗಲಿನಲ್ಲಿ ಸೆಳೆವಗಳು ಶೇಂಗಾ, ಜೋಳ, ಸಜ್ಜೆಯ ಹೊಲಗಳ ಮೇಲೆ, ಬೀಳುಬಿಟ್ಟ ನೆಲದ ಮೇಲೆ ಒಂಟಿಯಾಗಿ ಬೇಟೆಯಾಡುತ್ತವೆ. ಕತ್ತಲಾಗುವ ಹೊತ್ತಿಗೆ ಸುತ್ತಲಿನ ಹತ್ತಾರು ಕಿಲೋಮೀಟರ್‌ಗಳಿಂದ ಹೊರಟು ಒಂದೇ ಹುಲ್ಲುಗಾವಲಿಗೆ ಬಂದು ಸೇರುತ್ತವೆ. ಮರ ಹತ್ತುವುದಿಲ್ಲ, ಮೊಣಕಾಲೆತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ. ಗುಜರಾತಿನ ವೇಳಾವದರ್ ರಾಷ್ಟ್ರೀಯ ಉದ್ಯಾನದಲ್ಲಿ ಹೀಗೆ ಒಂದೇ ಸಂಜೆ ಸಾವಿರಕ್ಕೂ ಮೀರಿ ಸೆಳೆವಗಳು ಇಳಿದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ಒಂದು ಡಿಸೆಂಬರ್ ಸಂಜೆ ಚಳ್ಳಕೆರೆಯ ಆಚೆ ಕಾವಲಿನ ಅಂಚಿನಲ್ಲಿ ನಿಂತಿದ್ದೆ. ಪ್ಯಾಂಟಿನ ಮಡಿಕೆಗೆಲ್ಲ ಊಬು ಚುಚ್ಚಿಕೊಂಡಿತ್ತು. ಕುರಿ ಹೊಡೆದುಕೊಂಡು ಹಟ್ಟಿಗೆ ಮರಳುತ್ತಿದ್ದ ಹಿರಿಯರೊಬ್ಬರು, ನಾನು ದುರ್ಬೀನು ಹಿಡಿದಿದ್ದನ್ನು ನೋಡಿ, "ಅವು ಆಗಲೇ ಬರಲ್ಲ ಸಾರ್, ಹೊತ್ತು ಮುಳುಗ್ಲಿ. ಆ ಕರಡದಾಗೇ ಮಲಗ್ತಾವೆ, ನಾವು ಕುರಿ ಅತ್ತ ಬಿಡಲ್ಲ" ಎಂದರು. ಅವರು ಹೇಳಿದಂತೆಯೇ ಆಯಿತು. ಸೂರ್ಯ ಮುಳುಗಿದ ಮೇಲೆ ದಿಗಂತದ ಬೇರೆ ಬೇರೆ ಮೂಲೆಗಳಿಂದ ಹಕ್ಕಿಗಳು ಒಂದೊಂದಾಗಿ ಬಂದವು, ಹುಲ್ಲಿನ ಮೇಲೆ ಎರಡು ಮೂರು ಸುತ್ತು ಹಾಕಿ ಥಟ್ಟನೆ ಇಳಿದು ಮಾಯವಾದವು. ಇಳಿದ ಜಾಗ ಇಂಥದ್ದೇ ಎಂದು ಬೆರಳು ಮಾಡಿ ತೋರಿಸಲು ಮರುಗಳಿಗೆಯೇ ನನಗೆ ಆಗಲಿಲ್ಲ.

ಹಕ್ಕಿ ಹಾರಿಹೋದ ಬೆಳಿಗ್ಗೆ ಆ ಜಾಗದಲ್ಲಿ ಸಿಗುವುದು ಅದು ಕಕ್ಕಿದ ಉಂಡೆ. ಬೇಟೆಗಾರ ಹಕ್ಕಿಗಳು ಜೀರ್ಣವಾಗದ ಕೂದಲು, ಗರಿ, ಕೀಟಗಳ ಗಟ್ಟಿ ಚಿಪ್ಪುಗಳನ್ನು ಹೊಟ್ಟೆಯಲ್ಲೇ ಉಂಡೆಗಟ್ಟಿಸಿ ಬಾಯಿಯಿಂದ ಹೊರಹಾಕುತ್ತವೆ. ಹೆಬ್ಬೆರಳ ಗಾತ್ರದ ಆ ಒಣ ಉಂಡೆಯನ್ನು ನೀರಿನಲ್ಲಿ ನೆನೆಸಿ ಸೂಜಿಯಿಂದ ಬಿಡಿಸಿದರೆ ಮಿಡತೆಯ ಕಾಲಿನ ಮುಳ್ಳುಗಳು, ಕಂದುಗಪ್ಪು ದವಡೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಒಂದು ಮಿಡತೆಗೆ ಒಂದು ಜೊತೆ ದವಡೆ. ಜೊತೆಗಳನ್ನು ಎಣಿಸಿದರೆ ಹಕ್ಕಿ ತಿಂದ ಮಿಡತೆಗಳ ಲೆಕ್ಕ ಸಿಗುತ್ತದೆ. ವೇಳಾವದರ್‌ನಲ್ಲಿ ನಡೆದ ಇಂಥ ಅಧ್ಯಯನಗಳಿಂದ, ಮಾಂಟೆಗು ಸೆಳೆವದ ಚಳಿಗಾಲದ ಊಟದಲ್ಲಿ ಮಿಡತೆಗಳ ಪಾಲು ಬಹಳ ದೊಡ್ಡದು ಎಂಬುದು ತಿಳಿದುಬಂತು. ಹೊಲಕ್ಕೆ ಬೀಳುವ ಮಿಡತೆಯನ್ನು ಆರಿಸಿ ತಿನ್ನುವ ಈ ಹಕ್ಕಿ ರಾತ್ರಿಗೆ ಕಾವಲನ್ನು ನೆಚ್ಚಿಕೊಂಡಿದೆ ಎಂದಮೇಲೆ, ಕಾವಲು ಹೋದರೆ ಹೊಲವೂ ಅದನ್ನು ಕಳೆದುಕೊಳ್ಳುತ್ತದೆ.

ಚಳಿಗಾಲವಿಡೀ ಒಂದೇ ಕಡೆ ಇರುತ್ತವೆಯೇ ಎಂಬ ಪ್ರಶ್ನೆಗೆ ಆಫ್ರಿಕಾದಿಂದ ಬಂದ ಉತ್ತರ ಕುತೂಹಲದ್ದು. ಯುರೋಪಿನಲ್ಲಿ ಮರಿ ಮಾಡುವ ಮಾಂಟೆಗು ಸೆಳೆವಗಳು ಸಹಾರಾ ಮರುಭೂಮಿಯ ದಕ್ಷಿಣದಂಚಿನ ಸಾಹೇಲ್ ಬಯಲಿಗೆ ಹೋಗುತ್ತವೆ. ಡಚ್ ಸಂಶೋಧಕರು ಸೂರ್ಯನ ಬೆಳಕಿನಿಂದ ನಡೆಯುವ, ಹಗುರವಾದ ಉಪಗ್ರಹ ಟ್ಯಾಗ್‌ಗಳನ್ನು ಅವುಗಳ ಬೆನ್ನಿಗೆ ಕಟ್ಟಿ ವರ್ಷಗಟ್ಟಲೆ ಹಿಂಬಾಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದೊಂದು ಹಕ್ಕಿಯೂ ಒಂದು ಚಳಿಗಾಲದಲ್ಲಿ ಸರಾಸರಿ ನಾಲ್ಕು ನೆಲೆಗಳನ್ನು ಬಳಸುತ್ತದೆ, ನೆಲೆಯಿಂದ ನೆಲೆಗೆ ಸುಮಾರು 200 ಕಿಲೋಮೀಟರ್. ಮಳೆ ನಿಂತ ಮೇಲೆ ಅಲ್ಲಿ ನೆಲ ಉತ್ತರದಿಂದ ದಕ್ಷಿಣಕ್ಕೆ ಒಣಗುತ್ತ ಹೋಗುತ್ತದೆ. ಹಸಿರು ಹಿಂದೆ ಸರಿದಂತೆ ಮಿಡತೆ ಸರಿಯುತ್ತದೆ, ಮಿಡತೆಯ ಹಿಂದೆ ಹಕ್ಕಿ. ಮರುವರ್ಷವೂ ಅದು ಬಹುಮಟ್ಟಿಗೆ ಅವೇ ನೆಲೆಗಳಿಗೆ ಬರುತ್ತದೆ.

ನಮ್ಮ ಬಯಲುಸೀಮೆಯನ್ನು ಇದೇ ಕಣ್ಣಿನಿಂದ ನೋಡಬೇಕು. ಚಳ್ಳಕೆರೆಯಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ತಮಿಳುನಾಡಿನ ಕರಾವಳಿ ಬಯಲುಗಳಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ದಖ್ಖನಿನಲ್ಲೂ ಹಸಿರು ಹಂತಹಂತವಾಗಿ ದಕ್ಷಿಣಕ್ಕೆ ಜಾರುತ್ತದೆ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ದಕ್ಷಿಣದ ಬಯಲುಗಳಲ್ಲಿ ಸೆಳೆವಗಳನ್ನು ವರ್ಷಗಳಿಂದ ಎಣಿಸುತ್ತ, ಟ್ಯಾಗ್ ಕಟ್ಟಿ ಮಧ್ಯ ಏಷ್ಯಾದವರೆಗೆ ಹಿಂಬಾಲಿಸಿದ್ದಾರೆ. ಆ ದಾರಿಯಲ್ಲಿ ಚಿತ್ರದುರ್ಗದ ಕಾವಲುಗಳನ್ನು ಒಂದು ಕೊಂಡಿಯಾಗಿ ಇಟ್ಟು ಯೋಚಿಸುವುದು ನ್ಯಾಯ. ನವೆಂಬರ್‌ನಲ್ಲಿ ಒಂದು ದಿನ ಬಂದು ಹಕ್ಕಿ ಎಣಿಸಿ, ಫೆಬ್ರವರಿಯಲ್ಲಿ ಕಡಿಮೆ ಕಂಡರೆ ಸಂಖ್ಯೆ ಕುಸಿಯಿತೆಂದು ಬರೆಯುವ ಸಮೀಕ್ಷೆ ಇಂಥ ಜೀವಿಗೆ ಹೊಂದುವುದಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಅದೇ ಜಾಗದಲ್ಲಿ, ಮುಸ್ಸಂಜೆಯ ಹೊತ್ತಿಗೆ ಎಣಿಸಬೇಕು.

ಈ ಹುಲ್ಲು ಉಳಿದು ಬಂದದ್ದು ಹಕ್ಕಿಗಳಿಗಾಗಿ ಅಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಆ ತಳಿಗೆ, ಮೇವಿಗೆಂದು ಕಾದಿಟ್ಟ ನೆಲ ಇದು. ಕಾವಲು ಎಂಬ ಹೆಸರು ಅದರಿಂದಲೇ ಬಂತು. ಮ್ಯಾಸಬೇಡರ, ಕಾಡುಗೊಲ್ಲರ ದೇವರ ಎತ್ತುಗಳೂ ಊರೂರಿನ ಕುರಿಗಳೂ ಇದನ್ನೇ ನಂಬಿವೆ. 2009ರಿಂದೀಚೆಗೆ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು, ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಮುಟ್ಟಿತು. ಆದರೆ ಆ ಸಂಸ್ಥೆಗಳು ಕಟ್ಟಿದ ಗೋಡೆಗಿಂತ ಹೆಚ್ಚು ಹಾನಿ ಮಾಡಿದ್ದು "ಬಂಜರು" ಎಂಬ ಒಂದು ಪದ ಎಂದು ನನಗೆ ಅನ್ನಿಸುತ್ತದೆ. ಸರ್ಕಾರಿ ನಕ್ಷೆಗಳಲ್ಲಿ ಹುಲ್ಲುಗಾವಲು ಬಂಜರಿನ ಪಟ್ಟಿಗೆ ಸೇರಿದ್ದರಿಂದ, ಒಳ್ಳೆಯ ಮನಸ್ಸಿನವರೂ ಅಲ್ಲಿ ಮರ ನೆಟ್ಟು ಉಪಕಾರ ಮಾಡಹೊರಡುತ್ತಾರೆ. ನೀಲಗಿರಿ ಎದ್ದ ಕಡೆ, ಬಳ್ಳಾರಿ ಜಾಲಿ ಹಬ್ಬಿದ ಕಡೆ ಸೆಳೆವ ಇಳಿಯುವುದಿಲ್ಲ. ನೆಲದ ಮೇಲೆ ಮಲಗುವ ಹಕ್ಕಿಗೆ ನರಿಯೋ ನಾಯಿಯೋ ಬರುವುದು ದೂರದಿಂದಲೇ ತಿಳಿಯಬೇಕು, ಎದ್ದು ಹಾರಲು ಸುತ್ತ ತೆರವಿರಬೇಕು. ಹುಲ್ಲನ್ನು ಬುಡಮಟ್ಟ ಮೇಯಿಸಿದರೂ ಬೆಂಕಿ ಇಟ್ಟರೂ ಆ ವರ್ಷದ ಹಾಸಿಗೆ ಹೋದಂತೆಯೇ.

ಇಲ್ಲಿಗೆ ಬರುವ ಹಕ್ಕಿ ಎಲ್ಲಿ ಹುಟ್ಟಿದ್ದು ಎಂದು ಅಂದಾಜು ಮಾಡಲು ದುಬಾರಿ ಟ್ಯಾಗ್‌ಗಳೇ ಬೇಕೆಂದಿಲ್ಲ, ಉದುರಿದ ಗರಿಯೂ ಅದನ್ನು ಹೇಳಬಲ್ಲದು. ಮಳೆನೀರಿನಲ್ಲಿ ಡ್ಯೂಟೀರಿಯಂ ಎಂಬ ಭಾರವಾದ ಬಗೆಯ ಹೈಡ್ರೋಜನ್ನಿನ ಪ್ರಮಾಣ ಉತ್ತರಕ್ಕೆ, ಖಂಡದ ಒಳನಾಡಿಗೆ ಹೋದಂತೆ ಕಡಿಮೆಯಾಗುತ್ತದೆ. ಆ ನೀರು ಹುಲ್ಲಿಗೆ, ಹುಲ್ಲಿನಿಂದ ಇಲಿಗೆ, ಇಲಿಯಿಂದ ಹಕ್ಕಿಮರಿಯ ಬೆಳೆಯುವ ಗರಿಗೆ ಸೇರುತ್ತದೆ. ಬೆಳೆದು ಮುಗಿದ ಗರಿಯಲ್ಲಿ ಅದು ಮತ್ತೆ ಬದಲಾಗುವುದಿಲ್ಲ. ಆ ಡಿಸೆಂಬರಿನ ಮರುದಿನ ಬೆಳಿಗ್ಗೆ ಹುಲ್ಲು ಮಲಗಿದ್ದ ಒಂದು ಗುಳಿಯಲ್ಲಿ ಎರಡು ಉಂಡೆಗಳ ಪಕ್ಕ ಎಳೆಯ ಸೆಳೆವದ ಎದೆಯ ಒಂದು ಸಣ್ಣ ಗರಿ ಇತ್ತು, ಇಟ್ಟಿಗೆ ಬಣ್ಣದ್ದು. ಉಂಡೆಯಲ್ಲಿದ್ದದ್ದು ಚಳ್ಳಕೆರೆಯ ಮಿಡತೆ. ಗರಿಯಲ್ಲಿದ್ದದ್ದು ಅದು ಹುಟ್ಟಿದ ಗೂಡಿನ ಸುತ್ತ ಸುರಿದ ಮಳೆ.