ಕತಿ ಯಾಕ ಬದಲಿ ಮಾಡಿದ್ರಿ ಅಂತ ಕೇಳಬಹುದಾ?

ಪ್ರಶ್ನೆ: ನಮ್ಮ ಕಾಲೇಜಿನಾಗ ಸಿನಿಮಾ ತೋರಿಸಿ, ಆಮ್ಯಾಲೆ ನಿರ್ದೇಶಕರ ಜೋಡಿ ಸಂವಾದ ಇಟ್ಟಾರ್ರಿ. ಮೂಲ ಕತಿ ನಾ ಓದೀನಿ. ‘ಕತಿ ಯಾಕ ಬದಲಿ ಮಾಡಿದ್ರಿ’ ಅಂತ ಕೇಳಿದ್ರ ಅವರಿಗೆ ಬ್ಯಾಸರ ಆಗ್ತದೇನು? (ಓದುಗರೊಬ್ಬರು, ಲಿಂಗಸುಗೂರು)

ಬ್ಯಾಸರ ಆಗೂದಿಲ್ಲ, ಕೇಳ್ರಿ. ಆದರೆ ಉತ್ತರ ಮೊದಲೇ ಗೊತ್ತಿರುವಂಥದ್ದು: ಸಾಹಿತ್ಯ ಬೇರೆ ಮಾಧ್ಯಮ, ಸಿನಿಮಾ ಬೇರೆ ಮಾಧ್ಯಮ. ಚಪ್ಪಾಳೆ. ಮೈಕು ಮುಂದಿನವರ ಕೈಗೆ.

ನೀವು ಓದಿದ್ದು ಕಾದಂಬರಿಯೋ ಸಣ್ಣಕಥೆಯೋ? ದಪ್ಪ ಕಾದಂಬರಿಯನ್ನು ಎರಡು ತಾಸಿಗೆ ಇಳಿಸುವವರು ಕತ್ತರಿ ಹಾಕಲೇಬೇಕು. ಅಲ್ಲಿ ‘ಏನು ಬಿಟ್ಟಿರಿ’ ಎಂದು ಕೇಳುವುದು ಸರಿ. ಸಣ್ಣಕಥೆಯದು ಉಲ್ಟಾ. ಹತ್ತು ಹದಿನೈದು ಪುಟ ಎರಡು ತಾಸಿಗೆ ಸಾಲುವುದಿಲ್ಲ, ಸೇರಿಸದೆ ಗತಿಯಿಲ್ಲ. ನಿರ್ದೇಶಕರು ಕಥೆಯನ್ನು ಹೇಗೆ ಓದಿಕೊಂಡರು ಎಂಬುದು ಆ ಸೇರಿಸಿದ್ದರಲ್ಲೇ ಸಿಕ್ಕಿಬೀಳುತ್ತದೆ.

ನಮ್ಮ ರಾಯಚೂರು ಜಿಲ್ಲೆಯ ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆಯನ್ನೇ ನೋಡಿ. ಗಿರೀಶ್ ಕಾಸರವಳ್ಳಿ ಅದರಿಂದ ‘ಕನಸೆಂಬೋ ಕುದುರೆಯನೇರಿ’ ಮಾಡಿದರು. ಅದರಲ್ಲಿ ಇರ್ಯ ಹೆಣ ಹೂಳಲು ಕುಣಿ ತೋಡುವವನು. ಕನಸಿನಲ್ಲಿ ಸಿದ್ಧ ಎಂಬ ಸಾಧು ಬಂದರೆ ಊರಲ್ಲಿ ಒಂದು ಸಾವು ಖಾತ್ರಿ ಎಂದು ನಂಬಿದವನು. ಹಾಸಿಗೆ ಹಿಡಿದ ಗೌಡರ ಮನೆಗೆ ಓಡುತ್ತಾನೆ. ಅಲ್ಲಿದ್ದವರು ‘ಗೌಡರು ಬದುಕಿದ್ದಾರೆ’ ಎಂದು ಅವನನ್ನು ಸಾಗಹಾಕುತ್ತಾರೆ. ಸಿನಿಮಾ ಇದನ್ನು ಒಮ್ಮೆ ಇರ್ಯನ ಕಡೆಯಿಂದ, ಇನ್ನೊಮ್ಮೆ ಗೌಡರ ಮನೆಯವರ ಕಡೆಯಿಂದ ತೋರಿಸುತ್ತದೆ. (ಮುಂದಿನದನ್ನು ಹೇಳಿ ನೋಡದವರ ರುಚಿ ಕೆಡಿಸುವುದಿಲ್ಲ.) ಹಾಗಿರುವಾಗ ‘ಯಾಕೆ ಬದಲಿಸಿದಿರಿ’ ಎನ್ನುವ ಬದಲು ಹೀಗೆ ಕೇಳಬಹುದು: ‘ಮೊದಲ ಸುತ್ತಿನಲ್ಲಿ ನಮ್ಮನ್ನೂ ಇರ್ಯನ ಜೊತೆ ಹೊರಗೇ ನಿಲ್ಲಿಸಿದಿರಲ್ಲ, ಒಳಗಿನದನ್ನು ಮೊದಲೇ ತೋರಿಸಿದ್ದರೆ ಏನು ಕೆಡುತ್ತಿತ್ತು?’ ಇದಕ್ಕೆ ‘ಮಾಧ್ಯಮ ಬೇರೆ’ ಎಂದು ಹೇಳಿ ಜಾರಿಕೊಳ್ಳಲು ಬರುವುದಿಲ್ಲ.

ಆಗಿನ ಬಳ್ಳಾರಿ ಜಿಲ್ಲೆಯ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಯಿಂದ ಬಂದ ‘ಕೂರ್ಮಾವತಾರ’ಕ್ಕೂ (2011) ಇದೇ ದಾರಿ. ಅಲ್ಲಿ ನಿವೃತ್ತಿಗೆ ಹತ್ತಿರವಾದ ಸರ್ಕಾರಿ ನೌಕರನೊಬ್ಬ ಟಿವಿ ಧಾರಾವಾಹಿಯಲ್ಲಿ ಗಾಂಧಿಯಾಗುತ್ತಾನೆ. ಆ ಧಾರಾವಾಹಿಗೆ ಗಾಂಧಿಯ ಬದುಕಿನ ಇಂಥದೇ ಪ್ರಸಂಗ ಬೇಕು ಎಂದು ಆರಿಸಿದ್ದು ಯಾವ ಲೆಕ್ಕದಲ್ಲಿ ಎಂದು ಕೇಳಬಹುದು.

ಮೂಲ ಲೇಖಕರೂ ವೇದಿಕೆ ಮೇಲಿದ್ದರೆ ‘ಸಿನಿಮಾ ನಿಮಗೆ ಒಪ್ಪಿಗೆಯಾಯಿತೇ’ ಎಂದು ಕೇಳಲೇಬೇಡಿ. ಪಕ್ಕದಲ್ಲಿ ನಿರ್ದೇಶಕರನ್ನು ಕೂರಿಸಿಕೊಂಡು ಯಾರು ತಾನೇ ಇಲ್ಲ ಅಂದಾರು? ಅವರು ಬರೆಯದೇ ಇದ್ದ ಯಾವ ದೃಶ್ಯ ತೆರೆಯ ಮೇಲೆ ಅವರದೇ ಅನ್ನಿಸಿತು ಎಂದು ಕೇಳಿ.

ಇನ್ನು ಮಾತಿನ ಧಾಟಿ. ರಾಯಚೂರಿನ ಪಾತ್ರಗಳ ಬಾಯಿಗೆ ಧಾರವಾಡದ ಮಾತು ತುರುಕಿ ‘ಉತ್ತರ ಕರ್ನಾಟಕ’ ಎಂದುಬಿಡುವುದು ನಮ್ಮ ಸಿನಿಮಾಗಳ ಹಳೆ ಚಾಳಿ. ನೀವು ನೋಡುವ ಸಿನಿಮಾದಲ್ಲೂ ಅದು ಕಿವಿಗೆ ಬಿದ್ದರೆ, ಲಿಂಗಸುಗೂರಿನವರಾಗಿ ನೀವಲ್ಲದೆ ಇನ್ಯಾರು ಕೇಳಬೇಕು? ಮೈಕು ಸಿಕ್ಕಾಗ ಕಥೆಯನ್ನೆಲ್ಲ ಹೇಳುತ್ತ ನಿಲ್ಲಬೇಡಿ, ದೃಶ್ಯ ಯಾವುದೆಂದು ಹೇಳಿ ಕೇಳಿಬಿಡಿ.